ಡಿಸೆಂಬರ್‌ನಲ್ಲಿ ಹೊರಡಬೇಕು, ಮಂಗಳೂರಿಂದ ಅಸ್ಸಾಮಿನ ದಿಬ್ರುಗಢಕ್ಕೆ ಎಷ್ಟು ದೂರ? ಅಪ್ಪ-ಅಮ್ಮನನ್ನು ಕರೆದುಕೊಂಡು ಬೆಳಿಗ್ಗೆ ವಿಮಾನ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ತಲುಪಬಹುದಾ?

ಆಗುವುದಿಲ್ಲ. ನಾನೂ ಇದೇ ಲೆಕ್ಕ ಹಾಕಿದ್ದೆ. ನೇರ ಗೆರೆ ಎಳೆದರೆ ಸುಮಾರು 2,640 ಕಿ.ಮೀ., ಮೂರೂವರೆ ನಾಲ್ಕು ಗಂಟೆ ಅಂತ ನೆಟ್‌ನಲ್ಲಿ ತೋರಿಸುತ್ತದೆ. ಆದರೆ ನೇರ ವಿಮಾನವೇ ಇಲ್ಲವಲ್ಲ! ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಒಂದು ಗಂಟೆ, ಅಲ್ಲಿಂದ ಗುವಾಹಟಿಗೆ ಮೂರು, ಮತ್ತೆ ದಿಬ್ರುಗಢದ ಮೋಹನ್‌ಬಾರಿ ನಿಲ್ದಾಣಕ್ಕೆ ಇನ್ನೊಂದು. ನಡುವೆ ಕಾಯುವುದು ಬೇರೆ.

ನನ್ನ ತಂಗಿ ದಿಬ್ರುಗಢದ ಹತ್ತಿರದ ದುಲಿಯಾಜಾನ್‌ನಲ್ಲಿದ್ದಾಳೆ. ಚೊಚ್ಚಲ ಹೆರಿಗೆ. ಬಾಣಂತನಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಬೇಕಿತ್ತು. ಜುಲೈ ತಿಂಗಳು. ಬೆಂಗಳೂರಿಗೆ ಒಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಬೇರೆ ಕಂಪನಿಯದ್ದು ಇನ್ನೊಂದು, ಹೀಗೆ ಬಿಡಿಬಿಡಿಯಾಗಿ ತೆಗೆದರೆ 1,800 ರೂಪಾಯಿ ಉಳಿಯುತ್ತಿತ್ತು. ತೆಗೆದೆ. ಅಲ್ಲೇ ನಾನು ತಪ್ಪಿದ್ದು.

ಬೆಂಗಳೂರಿಗೆ 9:10ಕ್ಕೆ ಇಳಿಯಬೇಕು, ಮುಂದಿನ ವಿಮಾನ 11:05ಕ್ಕೆ. ಹತ್ತಿರ ಹತ್ತಿರ ಎರಡು ಗಂಟೆ ಇದೆ, ಧಾರಾಳವಾಯಿತು ಅಂದುಕೊಂಡೆ. ಆದರೆ ಪಿಎನ್‌ಆರ್ (ಟಿಕೆಟ್‌ನ ಬುಕಿಂಗ್ ನಂಬರ್) ಬೇರೆ ಬೇರೆ ಇದ್ದರೆ ಲಗೇಜ್ ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ನಾವೇ ಬೆಲ್ಟ್‌ನಿಂದ ಎತ್ತಿಕೊಂಡು, ಹೊರಗೆ ಬಂದು, ಮತ್ತೆ ಒಳಗೆ ಹೋಗಿ ಕೌಂಟರ್‌ನಲ್ಲಿ ಕೊಡಬೇಕು. ಆ ಕೌಂಟರ್ ವಿಮಾನ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಅಂದರೆ 10:05. ನನ್ನ ಕೈಯಲ್ಲಿ ನಿಜವಾಗಿ ಇದ್ದದ್ದು 55 ನಿಮಿಷ! ಎರಡು ಗಂಟೆ ಅಲ್ಲವೇ ಅಲ್ಲ. ಇದನ್ನು ನಾನು ಟಿಕೆಟ್ ತೆಗೆಯುವಾಗ ಕೂತು ಲೆಕ್ಕ ಹಾಕಲಿಲ್ಲ.

ಬಜ್ಪೆಯ ರನ್‌ವೇ ಗುಡ್ಡದ ತಲೆಯ ಮೇಲಿದೆ. ಆವತ್ತು ಮಳೆ, ಮೋಡ, ಏನೂ ಕಾಣುತ್ತಿರಲಿಲ್ಲ. ನಲವತ್ತು ನಿಮಿಷ ತಡವಾಗಿ ಹೊರಟೆವು. ಬೆಂಗಳೂರಲ್ಲಿ ಅಮ್ಮ ಬೆಲ್ಟ್ ಪಕ್ಕ ನಿಂತು ಪ್ರತಿ ಬ್ಯಾಗನ್ನೂ ಬಗ್ಗಿ ನೋಡುತ್ತಿದ್ದರು. ನಮ್ಮ ಬ್ಯಾಗಿನ ಹಿಡಿಗೆ ಗುರುತಿಗೆ ಹಳೇ ಸೀರೆಯ ಕೆಂಪು ಅಂಚು ಕಟ್ಟಿದ್ದರು, ಒಳಗೆ ಬಾಣಂತಿ ಲೇಹ್ಯ, ಕುಚ್ಚಲಕ್ಕಿ. ಅದು ಬಂದದ್ದು 10:15ಕ್ಕೆ. ಓಡಿದೆವು. ಕೌಂಟರ್ ಮುಚ್ಚಿತ್ತು. ಮೊದಲ ವಿಮಾನ ತಡವಾದರೆ ನಮಗೇನು ಸಂಬಂಧ ಅಂದರು ಎರಡನೇ ವಿಮಾನದ ಕಂಪನಿಯವರು. ಅವರ ಮಾತು ಸರಿಯೇ, ಟಿಕೆಟ್ ಬೇರೆ ತಾನೇ.

ಮರುದಿನದ ಟಿಕೆಟ್‌ಗೆ ಇಬ್ಬರಿಗೂ ಸೇರಿ 27,000 ಕೊಟ್ಟೆ. ಆ ರಾತ್ರಿ ಎರಡು ಗಂಟೆಗೆ ತಂಗಿಗೆ ಹೆರಿಗೆಯಾಯಿತು. ಅಮ್ಮ ಹೋಟೆಲ್ ರೂಮಿನಲ್ಲಿ ಬ್ಯಾಗ್ ಪಕ್ಕ ಕೂತು ಫೋನಿನಲ್ಲಿ ಮಗುವಿನ ಅಳು ಕೇಳಿದರು. ದುಡ್ಡು ಹೋದದ್ದಕ್ಕಿಂತ ನನಗೆ ಇದು ಜಾಸ್ತಿ ನೋವು.

ಹಾಗಾಗಿ ದೂರ ಎಷ್ಟು ಅಂತ ಕೇಳುವುದನ್ನು ಬಿಡಿ, ಅದರಿಂದ ಏನೂ ತಿಳಿಯುವುದಿಲ್ಲ. ಮಂಗಳೂರಿಂದ ದಿಬ್ರುಗಢದವರೆಗೂ ಒಂದೇ ಪಿಎನ್‌ಆರ್ ಸಿಗುತ್ತದಾ ನೋಡಿ. ಆಗ ಬ್ಯಾಗಿಗೆ ಬಜ್ಪೆಯಲ್ಲೇ ದಿಬ್ರುಗಢದ ಚೀಟಿ ಬೀಳುತ್ತದೆ, ನಡುವೆ ವಿಮಾನ ತಪ್ಪಿದರೆ ಮುಂದಿನದಕ್ಕೆ ಹತ್ತಿಸುವುದು ವಿಮಾನ ಕಂಪನಿಯವರ ತಲೆನೋವು. ಎರಡು ಸಾವಿರ ಜಾಸ್ತಿಯಾದರೂ ಅದನ್ನೇ ತೆಗೆಯಿರಿ. ಸಿಗದಿದ್ದರೆ ಹಿಂದಿನ ದಿನವೇ ಬೆಂಗಳೂರಿಗೆ ಬಂದು ಮಲಗಿ. ವಯಸ್ಸಾದವರನ್ನು ಓಡಿಸಬೇಡಿ.

ನೀವು ಹೊರಡುವುದು ಡಿಸೆಂಬರ್‌ನಲ್ಲಿ ಅಂದಿದ್ದೀರಿ. ಅಲ್ಲಿ ಆಗ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ, ಚಳಿಯೂ ಇರುತ್ತದೆ. ಸ್ವೆಟರ್ ಕೈಚೀಲದಲ್ಲೇ ಇಟ್ಟುಕೊಳ್ಳಿ.