ಹುಳುವನ್ನು ಚುಚ್ಚಿ ಹಿಡಿದಿರುವ ತಿಗಣೆಯನ್ನು ಕೊಲ್ಲಬೇಕಾ, ಬಿಡಬೇಕಾ?

ಬೀನ್ಸ್ ಗಿಡದ ಮೇಲೆ ಗುರಾಣಿ ಆಕಾರದ ಕಂದು ತಿಗಣೆ ಕಂಡಿದೆ, ಅದರ ಮೂತಿಯ ತುದಿಯಲ್ಲಿ ಹಸಿರು ಹುಳು ನೇತಾಡುತ್ತಿತ್ತು, ನೋಡೋಕೆ ಮಾತ್ರ ಗಿಡದ ರಸ ಹೀರುವ ತಿಗಣೆ ಥರಾನೇ ಇದೆ, ಔಷಧಿ ಹೊಡೆಯಲಾ ಎಂದು ಕೇಳಿದ್ದೀರಿ. ಇಂಥವನ್ನು ಎಲ್ಲಿಂದಲಾದರೂ ತಂದು ಬಿಡಬಹುದಾ ಎಂದೂ ಕೇಳಿದ್ದೀರಿ.

ಮೊದಲನೆಯದಕ್ಕೆ ಉತ್ತರ ಸುಲಭ. ಹೊಡೆಯಬೇಡಿ. ಅದು ನಿಮ್ಮ ಕೆಲಸವನ್ನೇ ಮಾಡುತ್ತಿದೆ.

ಗುರಾಣಿ ತಿಗಣೆಗಳಲ್ಲಿ ಹೆಚ್ಚಿನವು ಗಿಡದ ರಸ ಕುಡಿಯುವಂಥವು, ನಿಜ. ಆದರೆ ಅದೇ ಕುಟುಂಬದಲ್ಲಿ ಅಸೋಪಿನೇ ಎಂಬ ಒಂದು ಪಂಗಡವಿದೆ. ಸುಮಾರು 300 ಜಾತಿಗಳು. ಇವು ಬೇಟೆಗಾರ ತಿಗಣೆಗಳು. ಎಲೆ ತಿನ್ನುವ ಹುಳು, ಜೀರುಂಡೆಯ ಮರಿ, ಮೊಟ್ಟೆ, ಮೆತ್ತಗಿನ ಮೈಯ ಯಾವ ಕೀಟ ಸಿಕ್ಕರೂ ಚುಚ್ಚಿ ಹೀರುತ್ತವೆ.

ಗುರುತು ಹಿಡಿಯೋದು ಹೇಗೆ? ಬಣ್ಣ ನೋಡಬೇಡಿ, ಅದು ಮೋಸ ಮಾಡುತ್ತದೆ. ಭುಜದ ಮುಳ್ಳನ್ನೂ ನಂಬಬೇಡಿ, ರಸ ಹೀರುವ ಕೆಲವು ಜಾತಿಗಳಿಗೂ ಅದು ಇರುತ್ತದೆ. ವಾಸನೆಯಂತೂ ಲೆಕ್ಕಕ್ಕೇ ಇಲ್ಲ, ಮುಟ್ಟಿದರೆ ಎರಡೂ ನಾರುತ್ತವೆ. ನೋಡಬೇಕಾದ್ದು ಮೂತಿ. ತಿಗಣೆಯನ್ನು ಒಂದು ಗಾಜಿನ ಬಾಟಲಿಗೆ ಹಾಕಿ ಕೆಳಗಿನಿಂದ ನೋಡಿ. ರಸ ಹೀರುವ ತಿಗಣೆಯ ಮೂತಿ ಸಣ್ಣಗೆ, ಹೆಚ್ಚೆಂದರೆ ಅದರ ಮೀಸೆಯಷ್ಟೇ ದಪ್ಪ ಇರುತ್ತದೆ. ಬೇಟೆಗಾರನದು ಮೀಸೆಯ ಎರಡರಷ್ಟು ದಪ್ಪ, ಬುಡದಲ್ಲಿ ಗಟ್ಟಿ. ಸುಮ್ಮನಿದ್ದಾಗ ಎರಡೂ ಮೂತಿಯನ್ನು ತಲೆಯ ಕೆಳಗೆ ಹಿಂದಕ್ಕೆ ಮಡಚಿಕೊಂಡಿರುತ್ತವೆ. ಬೇಟೆಗಾರನ ಮೂತಿಯ ಮೊದಲ ತುಂಡು ಬಿಡಿಯಾಗಿರುವುದರಿಂದ ಮಡಚುವ ಚಾಕು ತೆರೆದ ಹಾಗೆ ಅದು ನೇರ ಮುಂದಕ್ಕೆ ಚಾಚುತ್ತದೆ. ನಿಮಗೆ ಕಂಡಿದ್ದು ಅದೇ.

ಚುಚ್ಚಿದ ಮೇಲೆ ನಡೆಯುವುದು ಇನ್ನೂ ಸ್ವಾರಸ್ಯ. ತಿಗಣೆ ತನ್ನ ಜೊಲ್ಲನ್ನು ಹುಳುವಿನ ಮೈಯೊಳಗೆ ಬಿಡುತ್ತದೆ. ಹುಳು ಒದ್ದಾಟ ನಿಲ್ಲಿಸುತ್ತದೆ. ಒಳಗಿನ ಮಾಂಸ ಕರಗಿ ನೀರಾಗುತ್ತದೆ. ಅಂದರೆ ಅರ್ಧ ಜೀರ್ಣ ಹೊರಗೇ ಆಗಿಹೋಗುತ್ತದೆ, ತಿಗಣೆ ಅದನ್ನು ಎಳೆದುಕೊಂಡರೆ ಸಾಕು. ಕೊನೆಗೆ ಉಳಿಯುವುದು ಖಾಲಿ ತೊಗಲು. ಹೀಗಾಗಿಯೇ ತನಗಿಂತ ದೊಡ್ಡ ಹುಳುವನ್ನೂ ಅದು ಹಿಡಿಯಬಲ್ಲದು. ಆದರೆ ಊಟ ನಿಧಾನ. ಒಂದೇ ಹುಳುವಿನ ಹಿಂದೆ ಗಂಟೆಗಟ್ಟಲೆ ಕೂತಿರುವುದುಂಟು.

ಮರಿಗಳ ಬಗ್ಗೆಯೂ ಹೇಳಬೇಕು, ಜಾಸ್ತಿ ಜನ ತಪ್ಪಾಗಿ ಕೊಲ್ಲುವುದು ಅವನ್ನೇ. ಐದು ಸಲ ಪೊರೆ ಕಳಚಿ ದೊಡ್ಡದಾಗುತ್ತವೆ. ಮೊದಲ ಹಂತದಲ್ಲಿ ಬೇಟೆಯಾಡುವುದಿಲ್ಲ. ಮೊಟ್ಟೆಯ ಚಿಪ್ಪುಗಳ ಸುತ್ತ ಗುಂಪಾಗಿ ಕೂತು ನೀರು, ಒಂದಿಷ್ಟು ಗಿಡದ ರಸ ಕುಡಿದುಕೊಂಡಿರುತ್ತವೆ. ಆಗ ನೋಡಿದವರು ಕೀಟಬಾಧೆ ಶುರುವಾಯಿತು ಎಂದುಕೊಂಡರೆ ಆಶ್ಚರ್ಯವಿಲ್ಲ. ಎರಡನೇ ಹಂತದಿಂದ ಬೇಟೆ ಶುರು. ದೊಡ್ಡವೂ ಆಗಾಗ ಗಿಡದ ರಸ ಕುಡಿಯುತ್ತವೆ, ಅದರಿಂದ ಗಿಡಕ್ಕೆ ಹಾನಿಯಿಲ್ಲ.

ಹಾನಿ ಆಗುವುದು ತಿಗಣೆಗೆ! ಗಿಡದ ರಸದಲ್ಲಿ ಸೇರಿಕೊಳ್ಳುವ ಇಮಿಡಾಕ್ಲೋಪ್ರಿಡ್‌ನಂಥ ಅಂತರ್ವ್ಯಾಪಿ ಔಷಧಿ ಹಾಕಿದ್ದರೆ ಆ ಒಂದು ಗುಟುಕಿನಲ್ಲೇ ವಿಷ ಹೋಗುತ್ತದೆ. ವಿಷ ತಿಂದ ಹುಳುವನ್ನು ಹೀರಿದರೂ ಅಷ್ಟೇ. ಔಷಧಿ ಬಳಸಲೇಬೇಕು ಎಂದಾದರೆ ಹುಳುಗಳಿಗೆ ಮಾತ್ರ ತಾಗುವ ಬಿಟಿ ಬ್ಯಾಕ್ಟೀರಿಯಾದ ಪುಡಿ ವಾಸಿ. ಅದು ತಿಗಣೆಯನ್ನು ನೇರವಾಗಿ ಕೊಲ್ಲುವುದಿಲ್ಲ. ಊಟ ಕಡಿಮೆ ಮಾಡುತ್ತದೆ, ಅಷ್ಟೆ.

ಈಗ ಎರಡನೇ ಪ್ರಶ್ನೆ. ತಂದು ಬಿಡುವುದು ಹೊಸ ವಿಷಯವಲ್ಲ. ಬ್ರೆಜಿಲ್‌ನಲ್ಲಿ ನೀಲಗಿರಿ ತೋಪುಗಳ ಎಲೆ ತಿನ್ನುವ ಹುಳುಗಳಿಗೆ ಪೊಡೈಸಸ್ ನಿಗ್ರಿಸ್ಪೈನಸ್ ಎಂಬುದನ್ನು ಸಾಕಿ ಬಿಡುತ್ತಾರೆ. ಚೀನಾದಲ್ಲಿ ಸೈನಿಕ ಹುಳುವಿನ ಮೇಲೆ ಆರ್ಮಾ ಕುಲದ ಬೇಟೆಗಾರ ತಿಗಣೆಯನ್ನು ಬಿಡುತ್ತಾರೆ. ಉತ್ತರ ಅಮೆರಿಕದ ಪೆರಿಲಸ್ ಬಯಾಕ್ಯುಲೇಟಸ್‌ಗೆ ಆಲೂಗಡ್ಡೆ ಬೆಳೆ ಹಾಳುಮಾಡುವ ಕೊಲರಾಡೊ ಜೀರುಂಡೆಯ ಮೊಟ್ಟೆ, ಮರಿ ಅಂದರೆ ಪ್ರಾಣ. ಭಾರತದಲ್ಲಿ ಸಿಗುವುದು ಇಯೋಕ್ಯಾಂಥೆಕೋನಾ ಫರ್ಸೆಲ್ಲಾಟಾ, ಎಲೆ ತಿನ್ನುವ ಸ್ಪೊಡಾಪ್ಟೆರಾ ಹುಳುವಿನ ಶತ್ರು.

ಆದರೂ ಮನೆ ತೋಟಕ್ಕೆ ನಾನು ಇದನ್ನು ಹೇಳುವುದಿಲ್ಲ. ಬೆಳೆದ ತಿಗಣೆಗೆ ರೆಕ್ಕೆ ಇದೆ, ಬಿಟ್ಟರೆ ಹಾರಿ ಹೋಗುತ್ತದೆ. ಅದಕ್ಕೇ ಮರಿಗಳನ್ನು ಬಿಡುತ್ತಾರೆ. ಹುಳು ಕಡಿಮೆಯಾದರೆ ಮರಿಗಳು ಒಂದನ್ನೊಂದು ತಿನ್ನುತ್ತವೆ. ಗಿಡಹೇನಿಗೆ ಇವು ಹೇಳಿ ಮಾಡಿಸಿದ ಶತ್ರುವಲ್ಲ. ಕಾಯಿಯೊಳಗೆ, ಕಾಂಡದೊಳಗೆ ಸೇರಿಕೊಂಡ ಹುಳು ಮೂತಿಗೆ ಸಿಗುವುದೇ ಇಲ್ಲ. ಜೊತೆಗೆ, ಅವಕ್ಕೆ ನಮ್ಮವರು ತಮ್ಮವರು ಅಂತೇನಿಲ್ಲ ಅಲ್ವಾ? ಗಿಡಹೇನು ತಿಂದು ನಮಗೆ ನೆರವಾಗುವ ಗುಲಗಂಜಿ ಹುಳುವಿನ ಮರಿಯನ್ನೂ ತಿನ್ನುತ್ತವೆ. ಮೇಲೆ ಹೇಳಿದ ಇಯೋಕ್ಯಾಂಥೆಕೋನಾವನ್ನೇ ತಸರ್ ರೇಷ್ಮೆ ಸಾಕುವವರು ಪೀಡೆ ಎಂದು ಬೈಯುತ್ತಾರೆ, ಅವರ ರೇಷ್ಮೆ ಹುಳುವನ್ನು ಚುಚ್ಚಿ ಹೀರುತ್ತದಲ್ಲ!

ಪೊಡೈಸಸ್ ಮ್ಯಾಕ್ಯುಲಿವೆಂಟ್ರಿಸ್ ಎಂಬ ಇನ್ನೊಂದು ಜಾತಿಯ ಗಂಡು ಬಿಡುವ ವಾಸನೆಯನ್ನು ನಕಲು ಮಾಡಿ, ಅದನ್ನಿಟ್ಟು ತಿಗಣೆಗಳನ್ನು ಕರೆಯುವ ಉಪಾಯವೂ ಇದೆ. ಕೇಳೋಕೆ ಚೆನ್ನಾಗಿದೆ. ಆದರೆ ತಿಗಣೆಯ ಮೈಮೇಲೆ ಮೊಟ್ಟೆಯಿಡುವ ನೊಣಗಳೂ ಅದೇ ವಾಸನೆ ಹಿಡಿದು ಬರುತ್ತವೆ.

ಆದ್ದರಿಂದ ತಾನಾಗೇ ಬಂದಿರುವುದನ್ನು ಉಳಿಸಿಕೊಳ್ಳುವುದೇ ಲಾಭ. ಎಲ್ಲವನ್ನೂ ಕೊಲ್ಲುವ ಔಷಧಿ ನಿಲ್ಲಿಸಿ. ನಾಲ್ಕು ಎಲೆ ತೂತಾದರೆ ಆಗಲಿ, ಹುಳುವೇ ಇಲ್ಲದ ಗಿಡದಲ್ಲಿ ಬೇಟೆಗಾರ ನಿಲ್ಲುವುದಿಲ್ಲ. ಎಲೆಯ ಮೇಲೆ ಪುಟ್ಟ ಪೀಪಾಯಿ ಆಕಾರದ ಮೊಟ್ಟೆಗಳ ಗುಂಪು ಕಂಡರೆ, ಪ್ರತಿ ಮೊಟ್ಟೆಯ ಮುಚ್ಚಳದ ಸುತ್ತ ಉದ್ದನೆಯ ಮುಳ್ಳುಗಳಿದ್ದರೆ, ಅದು ಬೇಟೆಗಾರನದೇ ಇರುವ ಸಾಧ್ಯತೆ ಜಾಸ್ತಿ. ಅಂಥ ಎಲೆಯನ್ನು ಕಿತ್ತು ಎಸೆಯಬೇಡಿ.

ಅನುಮಾನ ಉಳಿದರೆ ಫೋಟೋ ಹಾಕಿ. ಬೆನ್ನಿನ ಫೋಟೋ ಬೇಡ. ಹೊಟ್ಟೆಯ ಕಡೆಯಿಂದ, ಮೂತಿ ಮತ್ತು ಮೀಸೆ ಎರಡೂ ಕಾಣುವ ಹಾಗೆ ತೆಗೆಯಿರಿ.