ಪಾಸ್‌ವರ್ಡ್ ಗಟ್ಟಿಯಾಗಿದ್ದರೂ ಸ್ವಿಚ್‌ನ ಫರ್ಮ್‌ವೇರ್ ಅಪ್‌ಡೇಟ್ ಮಾಡಲೇಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್‌ನ ಫರ್ಮ್‌ವೇರ್‌ನಲ್ಲಿ (ಸ್ವಿಚ್ ಒಳಗೇ ಇದ್ದು ಅದನ್ನು ನಡೆಸುವ ಸಾಫ್ಟ್‌ವೇರ್) ಆಕ್ಸೆಸ್ ಕಂಟ್ರೋಲ್ ದೋಷ ಇದೆ, ಅಂದರೆ ಯಾರನ್ನು ಒಳಗೆ ಬಿಡಬೇಕು ಅಂತ ನೋಡುವುದರಲ್ಲೇ ತಪ್ಪಿದೆ ಅಂತ ಕಂಪನಿಯಿಂದ ಅಡ್ವೈಸರಿ (ಎಚ್ಚರಿಕೆಯ ಸೂಚನೆ) ಬಂದಿದೆ. ಆದರೆ ಅಡ್ಮಿನ್ ಪಾಸ್‌ವರ್ಡ್ ಉದ್ದವಾಗಿದೆ, ಸ್ವಿಚ್ ಇಂಟರ್ನೆಟ್‌ಗೆ ಕಾಣುವುದೂ ಇಲ್ಲ. ಹಾಗಾದರೆ ಸುಮ್ನೆ ಬಿಡಬಹುದಾ?

ಬಿಡಬೇಡಿ. ಪಾಸ್‌ವರ್ಡ್ ಎಷ್ಟು ಗಟ್ಟಿ ಅನ್ನುವ ಮಾತು ಬರುವುದು ಫರ್ಮ್‌ವೇರ್ ಅದನ್ನು ಕೇಳಿದಾಗ ತಾನೆ? ಇಂಥ ದೋಷಗಳಲ್ಲಿ ಅದು ಕೇಳುವುದೇ ಇಲ್ಲ, ಇಲ್ಲವೇ ಕೇಳಿದ ಮೇಲೆ ಯಾರಿಗೆ ಏನು ಮಾಡಲು ಬಿಡಬೇಕು ಅಂತ ನೋಡುವುದಿಲ್ಲ.

ಎರಡನೆಯದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಬರೀ ನೋಡುವ ಹಕ್ಕಿರುವ ಯೂಸರ್ ಒಬ್ಬ ಸ್ವಿಚ್‌ನ ವೆಬ್ ಪೇಜ್‌ಗೆ ಲಾಗಿನ್ ಆಗುತ್ತಾನೆ. ಬ್ಯಾಕಪ್ ಬಟನ್ ಅವನಿಗೆ ಕಾಣುವುದಿಲ್ಲ. ಆದರೆ ಅದನ್ನು ಮರೆಮಾಡಿರುವುದು ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಮಾತ್ರ. ಆ ಬಟನ್ ಕರೆಯುವ ಯುಆರ್‌ಎಲ್ ಅದೇ ಸ್ಕ್ರಿಪ್ಟ್‌ನಲ್ಲಿ ಬಿದ್ದಿರುತ್ತದೆ, ಅದನ್ನು ನೇರವಾಗಿ ಅಡ್ರೆಸ್ ಬಾರ್‌ನಲ್ಲಿ ಹಾಕಿದರೆ ಇಡೀ ಕಾನ್ಫಿಗರೇಶನ್ ಫೈಲ್ ಡೌನ್‌ಲೋಡ್ ಆಗುತ್ತದೆ. ಒಳಗೆ ವಿಲ್ಯಾನ್ (ಒಂದೇ ನೆಟ್‌ವರ್ಕನ್ನು ಬೇರೆ ಬೇರೆ ಭಾಗ ಮಾಡುವ ವ್ಯವಸ್ಥೆ) ಪಟ್ಟಿ, ಎಸ್‌ಎನ್‌ಎಂಪಿ ಕಮ್ಯುನಿಟಿ ಸ್ಟ್ರಿಂಗ್ (ಸಾಧನಗಳ ಮೇಲೆ ಕಣ್ಣಿಡುವ ವ್ಯವಸ್ಥೆಯ ಗುಪ್ತಪದ), ಎಲ್ಲರ ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿ ತೆಗೆದ ಗುರುತು), ಎಲ್ಲ ಇರುತ್ತದೆ. ಸ್ವಿಚ್‌ನ ವೆಬ್ ಸರ್ವರ್ ಪುಟ್ಟದು, ಎಷ್ಟೋ ಕಡೆ ಪ್ರತಿ ಪೇಜ್‌ನ ಕೋಡ್ ತಾನೇ ಚೆಕ್ ಮಾಡಿಕೊಳ್ಳಬೇಕು. ಆಮೇಲೆ ಸೇರಿಸಿದ ಯಾವುದೋ ಒಂದು ಪೇಜ್‌ನಲ್ಲಿ ಚೆಕ್ ಮಾಡುವ ಆ ಸಾಲು ಬಿಟ್ಟುಹೋದರೆ ಮುಗಿಯಿತು.

ಇನ್ನು ಪಾಸ್‌ವರ್ಡ್ ಕೇಳದೇ ಇರುವ ಥರದ್ದಕ್ಕೆ, ನೆಟ್‌ವರ್ಕ್ ಸಾಧನ ಮಾಡುವ ಸಿಸ್ಕೊ ಕಂಪನಿಯ ಸ್ಮಾರ್ಟ್ ಇನ್‌ಸ್ಟಾಲ್ ಒಳ್ಳೆ ಉದಾಹರಣೆ. ಹೊಸ ಸ್ವಿಚ್ ತಾನಾಗಿಯೇ ಕಾನ್ಫಿಗರ್ ಆಗಲಿ ಅಂತ ಮಾಡಿದ್ದು, ಟಿಸಿಪಿ 4786 ಪೋರ್ಟ್‌ನಲ್ಲಿ ಕಾಯುತ್ತಿರುತ್ತದೆ, ಮತ್ತು ಆ ಪ್ರೋಟೋಕಾಲ್‌ನಲ್ಲಿ ಲಾಗಿನ್ ಅನ್ನುವುದೇ ಇಲ್ಲ. ಪೋರ್ಟ್ ತಲುಪಿದವರು ಕಾನ್ಫಿಗರೇಶನ್ ಎಳೆದುಕೊಳ್ಳಬಹುದು, ಬದಲಾಯಿಸಬಹುದು. 2018ರ ಏಪ್ರಿಲ್‌ನಲ್ಲಿ ಇರಾನ್ ಮತ್ತು ರಷ್ಯಾದಲ್ಲಿ ಇದನ್ನೇ ಹಿಡಿದು ಸ್ವಿಚ್‌ಗಳ ಕಾನ್ಫಿಗರೇಶನ್ ಅಳಿಸಿ, ಅಮೆರಿಕದ ಬಾವುಟದ ಚಿತ್ರ ಬಿಟ್ಟು ಹೋದರು. ಅದರ ಹಿಂದಿನ ವರ್ಷ ಸಿಸ್ಕೊದ್ದೇ ಕ್ಲಸ್ಟರ್ ಪ್ರೋಟೋಕಾಲ್‌ನ ದೋಷ (ಸಿವಿಇ-2017-3881; ಸಿವಿಇ ಅಂದರೆ ಪ್ರತಿ ದೋಷಕ್ಕೆ ಕೊಡುವ ಗುರುತಿನ ನಂಬರ್) ಬಂದಿತ್ತು. ಸ್ವಿಚ್‌ಗಳು ತಮ್ಮೊಳಗೆ ಮಾತಾಡಲು ಇಟ್ಟ ಟೆಲ್ನೆಟ್ (ದೂರದಿಂದ ಲಾಗಿನ್ ಆಗುವ ಹಳೆ ವಿಧಾನ) ಆಪ್ಷನ್‌ಗಳನ್ನು ಹೊರಗಿನ ಯಾರಿಂದ ಬಂದರೂ ಒಪ್ಪಿಕೊಳ್ಳುತ್ತಿತ್ತು, 300ಕ್ಕೂ ಜಾಸ್ತಿ ಮಾಡೆಲ್‌ಗಳಲ್ಲಿ. ನನಗೆ ತುಂಬಾ ಸಿಟ್ಟು ಬರಿಸುವುದು ಮಾತ್ರ ಸಿವಿಇ-2018-15439. ಸಿಸ್ಕೊದ ಸ್ಮಾಲ್ ಬಿಸಿನೆಸ್ ಸ್ವಿಚ್‌ಗಳಲ್ಲಿ ಲೆವೆಲ್ 15 (ಪೂರ್ತಿ ಹಕ್ಕಿರುವ) ಯೂಸರ್‌ಗಳನ್ನೆಲ್ಲ ತೆಗೆದರೆ, ಫ್ಯಾಕ್ಟರಿಯ ಡೀಫಾಲ್ಟ್ ಅಕೌಂಟ್ ಒಂದು ಮಾತೂ ಹೇಳದೆ ಮತ್ತೆ ಚಾಲೂ ಆಗುತ್ತಿತ್ತು. ಭದ್ರ ಮಾಡೋಣ ಅಂತ ಹೋದವರಿಗೇ ಏಟು!

ಇಂಟರ್ನೆಟ್‌ಗೆ ಕಾಣುವುದಿಲ್ಲ ಅನ್ನುವುದು ಒಳ್ಳೆಯದೇ, ಆದರೆ ಅರ್ಧ ಉತ್ತರ. ಒಳಗಿನ ಪಿಸಿ, ಪ್ರಿಂಟರ್, ಕ್ಯಾಮೆರಾ ಇವುಗಳಿಂದ ಸ್ವಿಚ್‌ನ ಮ್ಯಾನೇಜ್‌ಮೆಂಟ್ ಐಪಿ (ಸ್ವಿಚ್ ನಿಭಾಯಿಸಲು ಬಳಸುವ ವಿಳಾಸ) ಪಿಂಗ್ ಆಗುತ್ತದಾ, ಅಂದರೆ ಅಲ್ಲಿಂದ ಉತ್ತರ ಬರುತ್ತದಾ ನೋಡಿ. ಬಹಳಷ್ಟು ಕಡೆ ಆಗುತ್ತದೆ, ಯಾಕೆಂದರೆ ಎಲ್ಲವೂ ಡೀಫಾಲ್ಟ್ ವಿಲ್ಯಾನ್ 1ರಲ್ಲೇ ಬಿದ್ದಿರುತ್ತವೆ. ಅವುಗಳಲ್ಲಿ ಒಂದಕ್ಕೆ ಮಾಲ್ವೇರ್ ಹತ್ತಿದರೆ ಅದು ನಿಮ್ಮ ಸ್ವಿಚ್‌ನ ಪಕ್ಕದಲ್ಲೇ ಕೂತ ಹಾಗೆ.

ಹಾಗಾಗಿ ಇವತ್ತೇ ಅಪ್‌ಡೇಟ್ ಮಾಡಲು ಡೌನ್‌ಟೈಮ್ ಸಿಗದಿದ್ದರೂ ಇಷ್ಟು ಮಾಡಿ. ಮ್ಯಾನೇಜ್‌ಮೆಂಟ್‌ಗೆ ಬೇರೆ ವಿಲ್ಯಾನ್ ಕೊಡಿ, ಅಡ್ಮಿನ್ ಮೆಷಿನ್‌ಗಳಿಗೆ ಮಾತ್ರ ಬಿಡುವಂತೆ ಎಸಿಎಲ್ (ಯಾರಿಗೆ ದಾರಿ ಬಿಡಬೇಕು ಅನ್ನುವ ಪಟ್ಟಿ) ಹಾಕಿ, ಟೆಲ್ನೆಟ್ ತೆಗೆಯಿರಿ, ವೆಬ್ ಪೇಜ್ ಬಳಸದಿದ್ದರೆ ಅದನ್ನೂ ಆಫ್ ಮಾಡಿ. ಸಿಸ್ಕೊ ಆದರೆ ಸ್ಮಾರ್ಟ್ ಇನ್‌ಸ್ಟಾಲ್ ಆಫ್ ಮಾಡುವ ಕಮಾಂಡ್ 'no vstack'. ಇವೆಲ್ಲ ದೋಷವನ್ನು ಸರಿಮಾಡುವುದಿಲ್ಲ, ಅದರ ಹತ್ತಿರ ಬರುವವರನ್ನು ಕಡಿಮೆ ಮಾಡುತ್ತವೆ ಅಷ್ಟೇ.

ಅಪ್‌ಡೇಟ್ ಮಾಡುವಾಗ ಬ್ಯಾಕಪ್ ತೆಗೆದುಕೊಳ್ಳಿ, ಇಮೇಜ್‌ನ (ಫರ್ಮ್‌ವೇರ್ ಫೈಲ್) ಹ್ಯಾಶ್ ಕಂಪನಿ ಕೊಟ್ಟದ್ದಕ್ಕೆ ಹೊಂದುತ್ತದಾ ನೋಡಿ, ರಿಲೀಸ್ ನೋಟ್ಸ್ ಓದಿ. ಕೆಲವು ಹಳೆ ವರ್ಷನ್‌ಗಳಿಂದ ನೇರ ಜಿಗಿಯಲು ಆಗುವುದಿಲ್ಲ, ಮಧ್ಯದ್ದೊಂದು ಹಾಕಬೇಕಾಗುತ್ತದೆ. ಮುಗಿದ ಮೇಲೆ ಯೂಸರ್ ಪಟ್ಟಿಯನ್ನು ಒಂದೊಂದಾಗಿ ನೋಡಿ. ಇದನ್ನು ಯಾರೂ ಮಾಡುವುದಿಲ್ಲ! 2023ರ ಅಕ್ಟೋಬರ್‌ನಲ್ಲಿ ಸಿಸ್ಕೊ ಸಾಧನಗಳ ಸಾಫ್ಟ್‌ವೇರ್ ಐಒಎಸ್ ಎಕ್ಸ್‌ಇಯ ವೆಬ್ ಪೇಜ್‌ನ ದೋಷ (ಸಿವಿಇ-2023-20198, ತೀವ್ರತೆ 10ಕ್ಕೆ 10) ಬಳಸಿದವರು ಲಾಗಿನ್ ಇಲ್ಲದೆಯೇ ಲೆವೆಲ್ 15 ಅಕೌಂಟ್ ಮಾಡಿಕೊಂಡಿದ್ದರು. ಅವರು ಹಾಕಿದ ಹಿಂಬಾಗಿಲ ಕೋಡ್ ರೀಬೂಟ್‌ಗೆ ಹೋಗುತ್ತಿತ್ತು, ಅಕೌಂಟ್ ಹೋಗುತ್ತಿರಲಿಲ್ಲ. ಪ್ಯಾಚ್ ಹಾಕಿದರೂ ಅದು ಹಾಗೇ ಕೂತಿರುತ್ತದೆ.

ನಿಮ್ಮ ಮಾಡೆಲ್ ಎಂಡ್ ಆಫ್ ಲೈಫ್ ಆಗಿದ್ದು ಪ್ಯಾಚ್ ಬರುವುದೇ ಇಲ್ಲ ಅಂದರೆ, ಮೇಲಿನ ಎಸಿಎಲ್‌ಗಳನ್ನು ಹಾಕಿಟ್ಟು ಬೇರೆ ಸ್ವಿಚ್ ನೋಡಿ. ಮಾಡೆಲ್ ಮತ್ತು ಈಗಿನ ವರ್ಷನ್ ಕಾಮೆಂಟ್‌ನಲ್ಲಿ ಹಾಕಿದರೆ ಯಾವ ವರ್ಷನ್‌ಗೆ ಹೋಗಬೇಕು ಅಂತ ನೋಡಿ ಹೇಳುತ್ತೇನೆ. ಐಪಿ ಮಾತ್ರ ಹಾಕಬೇಡಿ.