ಬುಡಾಪೆಸ್ಟ್‌ಗೆ ಬರುತ್ತಿರುವ ತಂಗಿಗೆ: ಸುದ್ದಿಗೂ ದುಡ್ಡು ಎತ್ತಿಡು ಅಂದಿದ್ದೇಕೆ

ತಂಗಿ,

ತಿಂಗಳ ಖರ್ಚಿನ ಪಟ್ಟಿ ನೀನು ಕೇಳಿದ್ದೆ, ನಾನು ಕಳಿಸಿದೆ. ಬಾಡಿಗೆ, ಬಸ್ ಪಾಸ್, ದಿನಸಿ, ಅವುಗಳ ಕೆಳಗೆ ‘ಪತ್ರಿಕೆಗೆ’ ಅಂತ ಒಂದು ಸಾಲು. ಅದಕ್ಕೆ ನೀನು ಬರೆದದ್ದು: “ಅಕ್ಕಾ, ಸುದ್ದಿ ಫೋನಿನಲ್ಲಿ ಪುಕ್ಕಟೆ ಬರುತ್ತೆ. ಆ ಭಾಷೆ ನನಗೆ ಬರಲ್ಲ, ಅಲ್ಲಿ ನನಗೆ ಓಟೂ ಇಲ್ಲ. ಅವರ ರಾಜಕೀಯ ಕಟ್ಟಿಕೊಂಡು ನನಗೇನಾಗಬೇಕು?”

ಉಳಿದ ಪ್ರಶ್ನೆಗಳನ್ನು ಬೇಗ ಮುಗಿಸುತ್ತೇನೆ. ಮನೆಯನ್ನು ಪೆಸ್ಟ್ ಕಡೆ, ಮೆಟ್ರೋ ಹತ್ತಿರ ನೋಡು. ಬುಡಾ ಗುಡ್ಡದ ಕಡೆ ಚೆಂದ, ಆದರೆ ದುಬಾರಿ. ತೊಗರಿಬೇಳೆ, ಹುಣಸೆಹಣ್ಣು ಸಿಗುತ್ತವೆ; ಸಾರಿನ ಪುಡಿ ಮಾತ್ರ ಅಮ್ಮನ ಕೈಯದ್ದೇ ತಾ. ಚಳಿಯ ಕೋಟು ಇಲ್ಲೇ ಕೊಳ್ಳು. ಹಂಗೇರಿಯನ್ ಭಾಷೆ ಕಷ್ಟವೇ, ಆದರೆ ಪದದ ಬಾಲಕ್ಕೆ ಪ್ರತ್ಯಯ ಪೋಣಿಸುತ್ತ ಹೋಗುವ ಅಭ್ಯಾಸ ಕನ್ನಡದವರಿಗೆ ಹೊಸದಲ್ಲ, ಆಫೀಸಿನ ಬೇರೆಯವರಿಗಿಂತ ನಿನಗೆ ಬೇಗ ಹಿಡಿಯುತ್ತದೆ. ವಾಸದ ಪರವಾನಗಿಯ ಕಾಗದಗಳನ್ನೆಲ್ಲ ಎರಡೆರಡು ಪ್ರತಿ ಇಟ್ಟುಕೋ. ಇಷ್ಟು ಸಾಕು.

ಪತ್ರಿಕೆಯ ಸಾಲಿನ ಬಗ್ಗೆ ಮಾತ್ರ ಸ್ವಲ್ಪ ಉದ್ದ ಬರೆಯಬೇಕು.

ಜಾಹೀರಾತಿಲ್ಲದೆ, ಓದುವವರ ಕಾಸಿನಿಂದಲೇ ನಡೆಯುವ ಪತ್ರಿಕೆ ಹೇಗಿರುತ್ತದೆಂದು ನಿನಗೆ ನಾನು ವಿವರಿಸಬೇಕಿಲ್ಲ. ಅಪ್ಪನನ್ನು ಕೇಳು. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ನಮ್ಮ ಸಾಗರದ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಅಪ್ಪ ಅದಕ್ಕಾಗಿ ಕಾಯುತ್ತಿದ್ದರು. ಮನೆಗೆ ಬಂದ ಪ್ರತಿ ನಾಲ್ಕಾರು ಮನೆ ಸುತ್ತಿ ಮೂಲೆ ಮಡಚಿಕೊಂಡು ವಾಪಸಾಗುತ್ತಿತ್ತು. ಮುಖ್ಯಮಂತ್ರಿ ಗುಂಡೂರಾಯರ ಮೇಲೆ ಆ ಪತ್ರಿಕೆ ಬರೆಯುತ್ತಿದ್ದ ಧಾಟಿಗೆ ಸರ್ಕಾರಿ ಜಾಹೀರಾತು ನಂಬಿದ ಯಾವ ಪತ್ರಿಕೆಗೂ ಎದೆ ಇರುತ್ತಿರಲಿಲ್ಲ. ಲಂಕೇಶರನ್ನು ಒಪ್ಪದವರೂ ಕೊಂಡು ಓದಿ ಬೈಯುತ್ತಿದ್ದರು. ಆ ಬಲದ ಬೆಲೆ ನನಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ.

ನಾನು ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ. ಬಾಡಿಗೆಗಿದ್ದ ಮನೆಯ ಯಜಮಾನಿ ಒಬ್ಬ ಅಜ್ಜಿ, ನಿವೃತ್ತ ಶಿಕ್ಷಕಿ. ಬೆಳಿಗ್ಗೆ ಕಾಫಿಯ ಜೊತೆ ‘ನೇಪ್‌ಸಬಡ್‌ಶಾಗ್’ ಹರಡಿಕೊಂಡು ಕೂರುತ್ತಿದ್ದರು. ಹಂಗೇರಿಯ ಅತಿ ದೊಡ್ಡ ರಾಜಕೀಯ ದಿನಪತ್ರಿಕೆ ಅದು, 1956ರಿಂದ ಬರುತ್ತಿತ್ತು. ಅಕ್ಟೋಬರ್ 8, ಶನಿವಾರ. ಹೊಸ ಕಚೇರಿಗೆ ಹೋಗಲೆಂದು ಸಾಮಾನು ಪೆಟ್ಟಿಗೆಗೆ ತುಂಬಿಟ್ಟಿದ್ದ ಪತ್ರಕರ್ತರಿಗೆ ಮನೆಗೇ ಪತ್ರ ಬಂತು: ಪ್ರಕಟಣೆ ನಿಲ್ಲಿಸಲಾಗಿದೆ, ಕೆಲಸಕ್ಕೆ ಬರಬೇಡಿ. ನಷ್ಟವೇ ಕಾರಣ ಎಂದರು ಮಾಲೀಕರು. ಅದಕ್ಕೆ ಸ್ವಲ್ಪ ಮೊದಲು ಆ ಪತ್ರಿಕೆ, ಸಚಿವರೊಬ್ಬರು ಹೆಲಿಕಾಪ್ಟರಿನಲ್ಲಿ ಮದುವೆಗೆ ಹೋದದ್ದನ್ನು ಬರೆದಿತ್ತು. ಅದೇ ತಿಂಗಳು ಪ್ರಕಾಶನ ಸಂಸ್ಥೆ ಕೈ ಬದಲಾಯಿಸಿತು. ಕೊಂಡದ್ದು ಆಗಿನ ಪ್ರಧಾನಿ ವಿಕ್ಟರ್ ಓರ್ಬಾನ್ ಅವರ ಸ್ವಂತ ಊರು ಫೆಲ್ಚೂಟ್‌ನ ಲೋರಿಂಟ್ಸ್ ಮೇಸಾರೋಷ್ ಅವರಿಗೆ ಹತ್ತಿರದ ಕಂಪನಿ. ಒಂದು ಕಾಲಕ್ಕೆ ಗ್ಯಾಸ್ ಪೈಪ್ ಜೋಡಿಸುತ್ತಿದ್ದವರು ಮೇಸಾರೋಷ್, ಆಮೇಲೆ ದೇಶದ ಅತಿ ಶ್ರೀಮಂತರಾದರು.

ಪತ್ರಿಕೆ ನಿಂತ ಆ ಶನಿವಾರ ಸಂಜೆ ಅಜ್ಜಿಯ ಜೊತೆ ಸಂಸತ್ತಿನ ಎದುರಿನ ಕೊಶೂಟ್ ಚೌಕಕ್ಕೆ ಹೋದೆ. ಏನೊಂದೂ ಅರ್ಥವಾಗಲಿಲ್ಲ. ಜನ ಹಳೆಯ ಸಂಚಿಕೆಗಳನ್ನು ಎತ್ತಿ ಹಿಡಿದಿದ್ದರು.

ಸೋಮವಾರ ಬೆಳಗಾಯಿತು. ಟ್ರಾಮ್ ಓಡಿತು, ಗೂಡಂಗಡಿಯಲ್ಲಿ ಬೇರೆ ಪತ್ರಿಕೆಗಳು ಸಾಲಾಗಿ ನೇತಾಡಿದವು, ಟಿವಿಯಲ್ಲಿ ಸುದ್ದಿ ಬಂತು. ಏನೂ ಕಡಿಮೆಯಾದಂತೆ ಕಾಣಲಿಲ್ಲ. ಇಲ್ಲಿ ನಾನು ಕಲಿತ ಕಠಿಣ ಪಾಠ ಇದೇ, ತಂಗಿ. ಪತ್ರಿಕೆ ಸತ್ತ ದಿನ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಬೇಸಿಗೆಯ ಬಾವಿಯ ಹಾಗೆ, ನೀರು ಇಳಿಯುತ್ತಿರುವುದು ದಿನಾ ಸೇದುವವರಿಗೂ ತಿಳಿಯದು, ಒಂದು ದಿನ ಹಗ್ಗ ಸಾಲುವುದಿಲ್ಲ ಅಷ್ಟೆ. ಕೇಳದೆ ಉಳಿದ ಪ್ರಶ್ನೆಗೆ ತಲೆಬರಹ ಇರುವುದಿಲ್ಲವಲ್ಲ.

ಅಜ್ಜಿಯ ತಂಗಿ ಪೂರ್ವದ ಒಂದು ಸಣ್ಣ ಊರಿನಲ್ಲಿದ್ದರು. ಆಕೆ ಓದುತ್ತಿದ್ದುದು ಜಿಲ್ಲಾ ಪತ್ರಿಕೆ, ನೋಡುತ್ತಿದ್ದುದು ಸರ್ಕಾರಿ ಟಿವಿ. 2017ರ ಹೊತ್ತಿಗೆ ದೇಶದ ಜಿಲ್ಲಾ ದಿನಪತ್ರಿಕೆಗಳೆಲ್ಲ ಸರ್ಕಾರದ ಕಡೆಯ ಮಾಲೀಕರ ಕೈ ಸೇರಿದ್ದವು. 2018ರ ನವೆಂಬರ್‌ನಲ್ಲಿ ಈ ಮಾಲೀಕರು 400ಕ್ಕೂ ಹೆಚ್ಚು ಪತ್ರಿಕೆ, ರೇಡಿಯೊ, ಜಾಲತಾಣಗಳನ್ನು ಒಂದೇ ಪ್ರತಿಷ್ಠಾನಕ್ಕೆ ದಾನ ಕೊಟ್ಟರು. ಏಕಸ್ವಾಮ್ಯದ ತನಿಖೆ ಆಗಬಾರದೆಂದು ಸರ್ಕಾರ ಅದನ್ನು ‘ರಾಷ್ಟ್ರೀಯ ಮಹತ್ವದ್ದು’ ಎಂದು ಘೋಷಿಸಿತು. 2022ರ ಚುನಾವಣೆಯಲ್ಲಿ ವಿರೋಧ ಪಕ್ಷಗಳ ಜಂಟಿ ಅಭ್ಯರ್ಥಿ ಪೀಟರ್ ಮಾರ್ಕಿ-ಜಾಯ್ ಅವರಿಗೆ ಸರ್ಕಾರಿ ಟಿವಿಯಲ್ಲಿ ಸಿಕ್ಕ ಸಮಯ ಐದು ನಿಮಿಷ. ಇಡೀ ಪ್ರಚಾರಕ್ಕೆ ಐದು ನಿಮಿಷ! ಆ ಅಕ್ಕ-ತಂಗಿ ಫೋನಿನಲ್ಲಿ ಜಗಳವಾಡುವುದನ್ನು ಗೋಡೆಯ ಈಚೆಯಿಂದ ಕೇಳಿದ್ದೇನೆ. ಇಬ್ಬರೂ ಒಳ್ಳೆಯವರು, ಇಬ್ಬರೂ ತಾವು ಓದಿದ್ದನ್ನೇ ನಂಬಿದ್ದರು. ಕೊನೆಕೊನೆಗೆ ಮಾತೇ ಬಿಟ್ಟರು. ಅಜ್ಜಿ ಈಗಿಲ್ಲ. ಅವರಿಬ್ಬರ ನಡುವೆ ಕೂತು ಇಬ್ಬರಿಗೂ ಒಂದೇ ಸುದ್ದಿ ಓದಿ ಹೇಳುವಷ್ಟು ಹಂಗೇರಿಯನ್ ಆಗ ನನಗೆ ಬರುತ್ತಿದ್ದರೆ ಎಂಬ ಕೊರಗು ನನಗೆ ಇವತ್ತಿಗೂ ಹೋಗಿಲ್ಲ.

ಇದನ್ನು ಎಡ-ಬಲದ ಜಗಳ ಎಂದು ಎಣಿಸಬೇಡ. ಬಲಪಂಥದ ಹಳೆಯ ಪತ್ರಿಕೆ ‘ಮಜ್ಯರ್ ನೆಮ್ಜೆಟ್’ನ ಮಾಲೀಕರು ಓರ್ಬಾನ್ ಜೊತೆ ಮುರಿದುಕೊಂಡಿದ್ದರು. 2018ರ ಚುನಾವಣೆ ಮುಗಿದ ವಾರವೇ ಅದು ಬಾಗಿಲು ಹಾಕಿತು. ಅಲ್ಲಿಂದ ಹೊರಬಿದ್ದವರು ‘ಮಜ್ಯರ್ ಹಂಗ್’ ಎಂಬ ವಾರಪತ್ರಿಕೆ ಮಾಡಿದರು. ಅದನ್ನು ಅಚ್ಚು ಮಾಡಲು ಹಂಗೇರಿಯ ಯಾವ ಮುದ್ರಣಾಲಯವೂ ಮುಂದೆ ಬರಲಿಲ್ಲ, ಪಕ್ಕದ ಸ್ಲೊವಾಕಿಯಾದಲ್ಲಿ ಅಚ್ಚಾಗಿ ಗಡಿ ದಾಟಿ ಬರುತ್ತಿತ್ತು. ಸಂಪ್ರದಾಯವಾದಿ ಓದುಗರು ಕೊಂಡು ಅದನ್ನು ಉಳಿಸಿದರು.

ಪುಕ್ಕಟೆ ಸುದ್ದಿಯ ಮಾತು ತೆಗೆದೆಯಲ್ಲ. 1999ರಿಂದ ‘ಇಂಡೆಕ್ಸ್’ ಎಂಬ ಜಾಲತಾಣ ಇತ್ತು, ಪೂರ್ತಿ ಪುಕ್ಕಟೆ, ದೇಶದಲ್ಲಿ ಅತಿ ಹೆಚ್ಚು ಜನ ಓದುತ್ತಿದ್ದದ್ದು. ಅದರ ಬದುಕು ಜಾಹೀರಾತಿನ ಮೇಲೆ ನಿಂತಿತ್ತು. 2020ರ ಮಾರ್ಚ್‌ನಲ್ಲಿ ಸರ್ಕಾರಕ್ಕೆ ಹತ್ತಿರದ ಉದ್ಯಮಿಯೊಬ್ಬರು ಆ ಜಾಹೀರಾತು ಮಾರುವ ಕಂಪನಿಯಲ್ಲಿ ಅರ್ಧ ಪಾಲು ಕೊಂಡರು. ಪತ್ರಿಕೆಯನ್ನು ಮುಟ್ಟಲೇ ಇಲ್ಲ ನೋಡು, ಅನ್ನದ ತಟ್ಟೆ ಹಿಡಿದರು ಅಷ್ಟೆ. ಜುಲೈನಲ್ಲಿ ಸಂಪಾದಕ ಸಬೋಲ್ಚ್ ಡುಲ್ ಅವರನ್ನು ತೆಗೆದರು. ಎರಡು ದಿನಕ್ಕೆ 70ಕ್ಕೂ ಹೆಚ್ಚು ಪತ್ರಕರ್ತರು ರಾಜೀನಾಮೆ ಕೊಟ್ಟು ಹೊರನಡೆದರು. ಕೊರೊನಾ ಕಾಲ, ಮನೆ ಸಾಲ, ಮಕ್ಕಳ ಶಾಲೆ ಎಲ್ಲರಿಗೂ ಇತ್ತು. ಅವರು ಓದುಗರ ಮುಂದೆ ಕೈಚಾಚಿದರು. ಸಾವಿರಾರು ಜನ ಕೊಟ್ಟರು. ಅಕ್ಟೋಬರ್‌ನಲ್ಲಿ ಅವರದೇ ಹೊಸ ಜಾಲತಾಣ ‘ಟೆಲೆಕ್ಸ್’ ಶುರುವಾಯಿತು. ನಾನು ಕೊಟ್ಟದ್ದು ಸಣ್ಣ ಮೊತ್ತ, ಆದರೆ ಆ ದಿನ ಈ ಊರು ನನ್ನದೂ ಹೌದು ಎಂದು ಮೊದಲ ಸಲ ಅನಿಸಿತು. ಅಪ್ಪನಿಗೆ ಫೋನ್ ಮಾಡಿ ಹೇಳಿದೆ, ಅವರಿಗೆ ಬಹಳ ಖುಷಿಯಾಯಿತು.

ಅಂಥ ಪತ್ರಿಕೋದ್ಯಮದಿಂದ ಏನಾದರೂ ಬದಲಾಗುತ್ತದೆಯೇ ಎಂದೂ ಕೇಳಿದ್ದೀಯ. ಇದನ್ನು ಓದು. ಬಿಚ್ಕೆ ಎಂಬ ಊರಿನ ಸರ್ಕಾರಿ ಮಕ್ಕಳ ಮನೆಯಲ್ಲಿ ನಿರ್ದೇಶಕನೇ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡುತ್ತಿದ್ದ. ದೂರು ಕೊಟ್ಟ ಮಕ್ಕಳ ಮೇಲೆ ಒತ್ತಡ ಹಾಕಿ ಮುಚ್ಚಿಹಾಕಲು ನೋಡಿದ ಉಪನಿರ್ದೇಶಕನಿಗೆ ಜೈಲಾಯಿತು. 2023ರ ಏಪ್ರಿಲ್‌ನಲ್ಲಿ ರಾಷ್ಟ್ರಾಧ್ಯಕ್ಷೆ ಕಟಲಿನ್ ನೊವಾಕ್ ಅವನಿಗೆ ಕ್ಷಮಾದಾನ ಕೊಟ್ಟರು, ಸದ್ದಿಲ್ಲದೆ. ತಿಂಗಳುಗಟ್ಟಲೆ ಊರಿಗೆ ಗೊತ್ತಿರಲಿಲ್ಲ. 2024ರ ಫೆಬ್ರವರಿ 2ರಂದು ‘444’ ಎಂಬ ಜಾಲಪತ್ರಿಕೆ ಅದನ್ನು ಬರೆಯಿತು. ಅದೂ ಓದುಗರ ಚಂದಾ ನೆಚ್ಚಿಕೊಂಡದ್ದು. 10ನೇ ತಾರೀಖಿಗೆ ರಾಷ್ಟ್ರಾಧ್ಯಕ್ಷೆ ರಾಜೀನಾಮೆ ಕೊಟ್ಟರು, ಸಹಿ ಹಾಕಿದ್ದ ಮಾಜಿ ಕಾನೂನು ಸಚಿವೆ ಯೂಡಿಟ್ ವರ್ಗಾ ಕೂಡ ರಾಜಕೀಯ ಬಿಟ್ಟರು. ಮರುದಿನ ಆಕೆಯ ಮಾಜಿ ಪತಿ ಪೀಟರ್ ಮಜ್ಯರ್ ಒಳಗಿನ ಕಥೆ ಹೇಳಲು ಕೂತದ್ದು ‘ಪರ್ಟಿಜಾನ್’ ಎಂಬ ಯೂಟ್ಯೂಬ್ ಚಾನೆಲ್‌ನಲ್ಲಿ. ಅದನ್ನೂ ನೋಡುಗರ ದೇಣಿಗೆಯೇ ಸಾಕುತ್ತಿತ್ತು. ಒಂದು ಕೋಟಿಯೂ ಇಲ್ಲದ ದೇಶದಲ್ಲಿ ಆ ಸಂದರ್ಶನವನ್ನು ಲಕ್ಷಾಂತರ ಜನ ನೋಡಿದರು. ಜೂನ್‌ನ ಐರೋಪ್ಯ ಚುನಾವಣೆಯಲ್ಲಿ ಮಜ್ಯರ್ ಅವರ ಪಕ್ಷಕ್ಕೆ ಸುಮಾರು 30 ಶೇಕಡಾ ಮತ ಬಂತು. ಆ ಪಕ್ಷ ಒಳ್ಳೆಯದೋ ಕೆಟ್ಟದ್ದೋ, ಆ ಚರ್ಚೆ ನನಗಿಲ್ಲಿ ಬೇಡ. ಅನಾಥ ಮಕ್ಕಳ ಸಂಕಟ ಕಡತದಲ್ಲೇ ಕೊಳೆಯದೆ ಹೊರಗೆ ಬಂದದ್ದು ನನಗೆ ದೊಡ್ಡದು.

ಇದರಲ್ಲೂ ಕೊರತೆ ಇದೆ. ಚಂದಾ ಕೊಡುವವರು ಹೆಚ್ಚಾಗಿ ನಗರದವರು, ಓದಿದವರು. ಅಜ್ಜಿಯ ತಂಗಿಯಂಥವರ ಮನೆಗೆ ಟೆಲೆಕ್ಸ್ ಹೋಗುವುದಿಲ್ಲ. ಓದುಗರು ತಮಗೆ ಹಿತವಾದದ್ದಕ್ಕೇ ದುಡ್ಡು ಕೊಟ್ಟರೆ ಪತ್ರಿಕೆಯೂ ಆ ಹಿತವನ್ನೇ ಉಣಿಸತೊಡಗುವ ಅಪಾಯವಿದೆ. ಹಳ್ಳಿಗಳಿಗೆ ತಲುಪಲೆಂದು ಇಲ್ಲಿ ಕೆಲವು ಸ್ವಯಂಸೇವಕರು ‘ನೀವೇ ಅಚ್ಚು ಹಾಕಿ’ ಎಂಬ ಅರ್ಥದ ಹೆಸರಿಟ್ಟು, ಸ್ವತಂತ್ರ ಪತ್ರಿಕೆಗಳ ಸುದ್ದಿಯನ್ನು ನಾಲ್ಕು ಪುಟಕ್ಕೆ ಇಳಿಸಿ, ಮನೆಮನೆಯ ಅಂಚೆ ಪೆಟ್ಟಿಗೆಗೆ ಹಾಕಿ ಬರುತ್ತಿದ್ದರು. ನಾನೂ ಕೆಲವು ಭಾನುವಾರ ಹೋಗಿದ್ದೇನೆ. ನಾಯಿ ಅಟ್ಟಿಸಿಕೊಂಡು ಬಂದದ್ದುಂಟು, ಕರೆದು ಬಿಸಿ ಸೂಪ್ ಕೊಟ್ಟದ್ದೂ ಉಂಟು.

ಇನ್ನೊಂದು ಮಾತು, ಅಕ್ಕನಾಗಿ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಮನೆ ಬಾಗಿಲಲ್ಲೇ ಕೊಂದ ಸುದ್ದಿ ಕೇಳಿ ಇಲ್ಲಿ ನಿದ್ದೆ ಬರಲಿಲ್ಲ. ಯುರೋಪಿನಲ್ಲಿ ಹೀಗೆಲ್ಲ ಆಗುವುದಿಲ್ಲ ಎಂದು ಸಹೋದ್ಯೋಗಿಯೊಬ್ಬರು ಸಮಾಧಾನ ಹೇಳಿದ್ದರು. ಅಕ್ಟೋಬರ್ 16ರಂದು ಮಾಲ್ಟಾದಲ್ಲಿ ಪತ್ರಕರ್ತೆ ಡ್ಯಾಫ್ನಿ ಕರುವಾನಾ ಗಲೀಜಿಯಾ ಅವರ ಕಾರಿಗೆ ಬಾಂಬಿಟ್ಟರು. ಮುಂದಿನ ಫೆಬ್ರವರಿಯಲ್ಲಿ ಸ್ಲೊವಾಕಿಯಾದಲ್ಲಿ ಪತ್ರಕರ್ತ ಯಾನ್ ಕುಚಿಯಾಕ್ ಮತ್ತು ಅವರು ಮದುವೆಯಾಗಲಿದ್ದ ಮಾರ್ಟಿನಾ ಕುಶ್ನೀರೊವಾ ಅವರನ್ನು ಗುಂಡಿಕ್ಕಿ ಕೊಂದರು. ಇಬ್ಬರಿಗೂ 27 ವರ್ಷ. 2021ರಲ್ಲಿ ಫೋನಿನೊಳಗೆ ನುಸುಳಿ ಕದ್ದು ನೋಡುವ ‘ಪೆಗಾಸಸ್’ ತಂತ್ರಾಂಶದ ಗೂಢಚಾರಿಕೆ ಬಯಲಾದಾಗ ಹಂಗೇರಿಯ ತನಿಖಾ ಜಾಲತಾಣ ‘ಡಿರೆಕ್ಟ್36’ನ ಸಬೋಲ್ಚ್ ಪನ್ಯಿ ಅವರ ಫೋನಿನಲ್ಲೂ ಅದು ಸಿಕ್ಕಿತು, ನಮ್ಮ ದೇಶದ ಪತ್ರಕರ್ತರ ಫೋನುಗಳಲ್ಲಿ ಸಿಕ್ಕ ಹಾಗೆ. ಊರು ಬಿಟ್ಟು ಬಂದರೆ ಇದರಿಂದೆಲ್ಲ ದೂರ ಬಂದೆ ಎಂದುಕೊಂಡು ವಿಮಾನ ಹತ್ತಬೇಡ.

ನಿನಗೆ ಇಲ್ಲಿ ಓಟಿಲ್ಲ, ನಿಜ. ಆದರೆ ವಿದೇಶಿ ಕೆಲಸಗಾರರ ಕಾನೂನು ಬದಲಾದಾಗ ಅದು ಮೊದಲು ತಟ್ಟುವುದು ನಿನಗೇ. ಆಗ ವಾಟ್ಸಾಪ್ ಗುಂಪಿನಲ್ಲಿ ಹತ್ತು ಬಗೆಯ ಗಾಳಿಮಾತು ಹರಿದಾಡುತ್ತದೆ. ಟೆಲೆಕ್ಸ್, ಡಿರೆಕ್ಟ್36, ‘ಆಟ್ಲಾಟ್ಸೋ’ ಮೂರಕ್ಕೂ ಇಂಗ್ಲಿಷ್ ಪುಟಗಳಿವೆ. ಕಾಯಂ ವಾಸದ ಹಕ್ಕು ಸಿಕ್ಕ ಮೇಲೆ ಸ್ಥಳೀಯ ಚುನಾವಣೆಯಲ್ಲಿ ನಿನಗೂ ಮತ ಬರುತ್ತದೆ. 2024ರಲ್ಲಿ ನಮ್ಮ ವಾರ್ಡಿನ ಶಾಲೆಯಲ್ಲಿ ಸಾಲಿನಲ್ಲಿ ನಿಂತು ಮೇಯರ್‌ಗೆ ಮತ ಹಾಕಿದೆ, ಸೀರೆಯುಟ್ಟು ಹೋಗಿದ್ದೆ. ಮೊದಲ ವರ್ಷ ಮಾತ್ರ ಮೆರವಣಿಗೆಗೆ ಹೋಗಬೇಡ, ಪರವಾನಗಿ ಗಟ್ಟಿಯಾಗಲಿ. ಓದು, ಚಂದಾ ಕಟ್ಟು, ಅಷ್ಟು ಸಾಕು.

ಸಂಬಳದಲ್ಲಿ 15 ಶೇಕಡಾ ಆದಾಯ ತೆರಿಗೆ ಹಿಡಿಯುತ್ತಾರೆ. ಆ ತೆರಿಗೆಯ ನೂರರಲ್ಲಿ ಒಂದು ಪಾಲು ಯಾವ ಸಾಮಾಜಿಕ ಸಂಸ್ಥೆಗೆ ಹೋಗಬೇಕೆಂದು ನೀನೇ ಹೇಳಬಹುದು, ನಿನ್ನ ಕೈಯಿಂದ ಬೇರೆ ಕಾಸು ಹೋಗುವುದಿಲ್ಲ. ಆಟ್ಲಾಟ್ಸೋ, ಪರ್ಟಿಜಾನ್ ಕಡೆಯ ಪ್ರತಿಷ್ಠಾನಗಳಿಗೆ ಬಹಳ ಜನ ಹೀಗೆ ಕೊಟ್ಟಿದ್ದಾರೆ. ವಿದೇಶದ ಹಣ ಪಡೆಯುವ ಸಂಸ್ಥೆಗಳನ್ನು ಪಟ್ಟಿಗೆ ಸೇರಿಸಿ ಈ ಒಂದು ಪಾಲನ್ನೂ ಕಿತ್ತುಕೊಳ್ಳುವ ಮಸೂದೆ 2025ರ ಮೇನಲ್ಲಿ ಸಂಸತ್ತಿಗೆ ಬಂದಿತ್ತು. ಜನ ಬೀದಿಗಿಳಿದರು, ಜೂನ್‌ನಲ್ಲಿ ಅದನ್ನು ಮುಂದಕ್ಕೆ ಹಾಕಿದರು. ಆ ಒಂದು ಪಾಲಿನ ಅರ್ಜಿ ಸಲ್ಲಿಸಲು ಮೇ 20 ಕೊನೆಯ ದಿನ. ನಿನ್ನ ಮೊದಲ ವರ್ಷದ ಲೆಕ್ಕ ಮುಗಿದ ಮೇಲೆ ಒಂದು ಭಾನುವಾರ ನಮ್ಮ ಮನೆಗೆ ಬಾ, ಇಬ್ಬರೂ ಕೂತು ತುಂಬೋಣ.